ಮೂರನೆಯ ಸಲ ಕೇಳುವ ತನಕ

ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಇಡೀ ತರಗತಿ ಎದ್ದು ನಿಂತಿತು. ಯಾರೋ ದೊಡ್ಡವರು ಹಿಂದೆ ಬರುತ್ತಿರಬೇಕೆಂದು ನಾನೂ ತಿರುಗಿ ನೋಡಿದೆ. ಕಾರಿಡಾರಿನಲ್ಲಿ ಒಂದು ನಾಯಿ ಮಲಗಿದ್ದುದನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಎಲ್ಲರೂ ಒಟ್ಟಿಗೆ "ಗುಡ್ ಮಾರ್ನಿಂಗ್ ಮೇಡಂ" ಎಂದರು. ಏನು ಹೇಳಬೇಕೋ ತೋಚದೆ ನಾನು "ಕೂಡ್ರಿ, ಕೂಡ್ರಿ" ಅಂದುಬಿಟ್ಟೆ. ಎಲ್ಲರೂ ಕೂತರು. ನಾನು ಮೆಲ್ಲಗೆ ನಡೆದು ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಮುಂದಿದ್ದ ಹುಡುಗನೊಬ್ಬ ತಿರುಗಿ, ದನಿ ತಗ್ಗಿಸಿ, "ಮೇಡಂ, ಇನ್‌ಸ್ಪೆಕ್ಷನ್ನಾ?" ಎಂದು ಕೇಳಿದ. ಅಲ್ಲಪ್ಪಾ, ನಾನೂ ಎಂ.ಎ. ಮೊದಲ ವರ್ಷ ಎಂದೆ. ಅವನ ಮುಖದಲ್ಲಿ ಮೂಡಿದ್ದು ಸಮಾಧಾನವೋ ಕರುಣೆಯೋ ನನಗೆ ಈಗಲೂ ಗೊತ್ತಿಲ್ಲ.

ಜಮಖಂಡಿಯ ನನ್ನ ಓದುಗರಿಗೆ ಇದನ್ನು ಮೊದಲಿನಿಂದ ಹೇಳಬೇಕು. ನಮ್ಮ ಮನೆಯವರಿಗೆ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆ ಯಾರ್ಡಿನಲ್ಲಿ, ನಮ್ಮ ಕಡೆಯವರೇ ನಡೆಸುವ ಉಳ್ಳಾಗಡ್ಡಿ ಮಂಡಿಯಲ್ಲಿ ಮೇಲುಸ್ತುವಾರಿಯ ಕೆಲಸ ಸಿಕ್ಕಿತು. ಉಳ್ಳಾಗಡ್ಡಿ ಎಂದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ, ಈರುಳ್ಳಿ ಎನ್ನಬೇಕು. ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹಾಗಾಗಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಒಂದು ರೊಟ್ಟಿ ಹಂಚು, ಎರಡು ಟ್ರಂಕು ಮತ್ತು ಅಂಚೆಯ ಮೂಲಕ ಓದಿ ಮುಗಿಸಿದ್ದ ಬಿ.ಎ. ಹೊತ್ತುಕೊಂಡು ಅಲ್ಲಾಳಸಂದ್ರಕ್ಕೆ ಬಂದೆ. ಮನೆಯವರು ಬೆಳಕು ಹರಿಯುವ ಮೊದಲೇ ಮಂಡಿಗೆ ಹೋಗುತ್ತಿದ್ದರು. ಆಮೇಲೆ ಇಡೀ ದಿನ ನನ್ನ ಜೊತೆ ಮಾತಾಡುತ್ತಿದ್ದದ್ದು ಕುಕ್ಕರ್ ಮಾತ್ರ. ಊರಿನಲ್ಲಿದ್ದಾಗ ಯಾರಾದರೂ ಬಾಯಿ ಮುಚ್ಚಿದರೆ ಸಾಕು ಎನ್ನಿಸುತ್ತಿದ್ದವಳಿಗೆ ಇಲ್ಲಿ ತರಕಾರಿ ಗಾಡಿಯವನು "ಅಕ್ಕಾ, ಕೊತ್ತಂಬರಿ ಬೇಕಾ?" ಎಂದರೂ ಕಣ್ಣು ತುಂಬಿ ಬರುತ್ತಿತ್ತು. ಇದನ್ನು ನೋಡಲಾರದೆ ನಮ್ಮ ಮನೆಯವರೇ ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಎಂ.ಎ.ಗೆ ಸೇರಿಸಿದರು. ಕೊತ್ತಂಬರಿಗೆ ಅಳುವ ಹೆಂಡತಿಗಿಂತ ಓದುವ ಹೆಂಡತಿ ಮೇಲು ಎಂದು ಅವರ ಲೆಕ್ಕ.

ಮನೆಯ ಮಾತಿಗೆ ಬರುತ್ತೇನೆ. ನಮ್ಮದು ಮೊದಲ ಮಹಡಿ, ಕೆಳಗೆ ಓನರ್ ಜಯಮ್ಮನವರು. ಓನರ್ ಎಂದರೆ ಮನೆಯ ಮಾಲಕರು. ಇಲ್ಲಿ ಆ ಪದ ಹೇಳುವಾಗ ದನಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅವರದು ಅಲ್ಲಾಳಸಂದ್ರದ ಹಳೆಯ ಮನೆತನ. ಕೆರೆಯ ಪಕ್ಕದ ಅವರ ರಾಗಿ ಹೊಲವೆಲ್ಲ ಈಗ ಅಪಾರ್ಟ್‌ಮೆಂಟು. ಆದರೂ ಎರಡು ಹಸು ಕಟ್ಟಿಕೊಂಡಿದ್ದಾರೆ. ಸಾಮಾನು ಇಳಿಸಿದ ದಿನ ಅವರು ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿದರು.

"ಕಾಪಿ ಕುಡೀತೀರಾ?"

ನಮಗೋ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ತಲೆ ಸಿಡಿಯುತ್ತಿತ್ತು. ಒಂದು ಕೊಡ ಕಾಫಿ ಕೊಟ್ಟಿದ್ದರೂ ಕುಡಿಯುತ್ತಿದ್ದೆವು. ನಾನು ಮರ್ಯಾದೆಯಿಂದ "ಅಯ್ಯ, ಬ್ಯಾಡ್ರೀ" ಎಂದೆ.

"ಸರಿ ಬಿಡಿ" ಎಂದು ಜಯಮ್ಮ ಇಳಿದುಹೋದರು.

ನಾನೂ ನಮ್ಮ ಮನೆಯವರೂ ಮುಖಮುಖ ನೋಡಿಕೊಂಡೆವು. ಮೆಟ್ಟಿಲ ಮೇಲೆ ಅವರ ಹೆಜ್ಜೆಯ ಸದ್ದು ದೂರವಾಗುವ ತನಕವೂ ಈಗ ತಿರುಗಿ ಬರುತ್ತಾರೆ, ಈಗ ಬರುತ್ತಾರೆ ಎಂದು ಕಾದೆವು. ಬರಲಿಲ್ಲ. "ಇದೆಂಥಾ ಊರಲೇ" ಎಂದು ನಮ್ಮ ಮನೆಯವರು ಟ್ರಂಕಿನ ಮೇಲೆ ಕೂತರು.

ನಿಮಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಚಹಾ ಬೇಕೇ ಎಂದು ಕೇಳಿದವರಿಗೆ ಮೊದಲ ಸಲ ಬೇಡ ಎನ್ನಬೇಕು. ಅವರು "ಅದ್ಯಾಂಗ್ರೀ, ಒಂದೀಟ ತಗೋರಿ" ಎನ್ನಬೇಕು. ನಾವು "ಈಗ ಆತ್ರೀ ಮನ್ಯಾಗ" ಎನ್ನಬೇಕು. ಅವರು ಮೂರನೆಯ ಸಲ, ಸ್ವಲ್ಪ ಸಿಟ್ಟಿನಿಂದಲೇ, "ನಮ್ಮ ಮನೀ ಚಾ ಕುಡಿಯೂದಿಲ್ಲೇನು?" ಎಂದಾಗ ನಾವು ಸೋತು, ಅವರ ಸಂತೋಷಕ್ಕೆಂಬಂತೆ, ಎರಡು ಕಪ್ಪು ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎನ್ನುವವಳು ಹಸಿದು ಬಂದವಳು. ಮೂರು ಸಲ ಕೇಳದವಳು ಜಿಪುಣಿ. ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಬೇಡ ಎಂದರೆ ಬೇಡ ಎಂದೇ ತಿಳಿಯುತ್ತಾರೆ. ಈ ಒಂದು ವಿಷಯ ತಿಳಿಯದೆ ನಾನು ಮೊದಲ ಒಂದು ವರ್ಷ ಈ ನಗರದಲ್ಲಿ ಕಳೆದುಕೊಂಡ ಕಾಫಿ, ಕೋಸಂಬರಿ, ಒಬ್ಬಟ್ಟುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದಕ್ಕೆ ತಿರುಗುಮುರುಗಾದ ಫಜೀತಿಯೂ ಆಯಿತು. ಎದುರುಮನೆಯ ಹೆಂಗಸು ಒಂದು ದಿನ ಗೇಟಿನಲ್ಲಿ ನಿಂತು "ಒಂದಿನ ಮನೆಗೆ ಬನ್ನಿ" ಎಂದರು. ನಾನು ಮರುದಿನವೇ ಹೋದೆ. ಬಾಗಿಲು ತೆರೆದ ಆಕೆ "ಏನಾಯ್ತು?" ಎಂದು ಗಾಬರಿಯಾದರು.

ಇನ್ನು ತರಗತಿ. ಎರಡನೆಯ ಸೆಮಿಸ್ಟರಿನಲ್ಲಿ ನಮಗೊಂದು ಅಸ್ತಿತ್ವವಾದದ ನಾಟಕ ಪಠ್ಯವಾಗಿತ್ತು. ಹೊರದೇಶದ್ದು, ಕನ್ನಡಕ್ಕೆ ಬಂದದ್ದು. ಹೆಸರು ಬೇಡ, ಪರೀಕ್ಷೆಯಲ್ಲಿ ಬರೆದು ಬರೆದು ಸಾಕಾಗಿದೆ. ಕಥೆ ಇಷ್ಟೇ: ಒಂದು ನದಿಯ ದಡದಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳಿದ್ದಾಳೆ. ನದಿಗೆ ಸೇತುವೆ ಕಟ್ಟಿ ಬಹಳ ಕಾಲವಾಗಿದೆ, ದೋಣಿ ಹತ್ತುವವರೇ ಇಲ್ಲ. ಆದರೂ ದಿನವೂ ಬಂದು ಕೂರುತ್ತಾಳೆ. ದಾರಿಹೋಕನೊಬ್ಬ ಬಂದು, ನಿನ್ನನ್ನು ಇಲ್ಲಿ ಕೂರಿಸಿದವರು ಯಾರು ಎಂದು ಕೇಳುತ್ತಾನೆ. ಅವಳಿಗೆ ತಿಳಿಯುವುದಿಲ್ಲ. ಊರಿನ ಮುಖ್ಯಸ್ಥನನ್ನು ಕೇಳುತ್ತಾಳೆ, ನಾನಲ್ಲ ಎನ್ನುತ್ತಾನೆ. ಪೂಜಾರಿಯನ್ನು ಕೇಳುತ್ತಾಳೆ, ಅವನೂ ಅಲ್ಲ ಎನ್ನುತ್ತಾನೆ. ಮೂರನೆಯ ಅಂಕದಲ್ಲಿ, ಅವಳಿಗೆ ವಯಸ್ಸಾದ ಮೇಲೆ, ದಾರಿಹೋಕ ಮತ್ತೆ ಬಂದು "ಹೊರಡುತ್ತೀಯಾ?" ಎನ್ನುತ್ತಾನೆ. ತುಂಬ ಹೊತ್ತು ಸುಮ್ಮನಿದ್ದು ಅವಳು ಹೇಳುವ ಮಾತು ಇದು: "ಯಾರೂ ನನ್ನನ್ನು ಇಲ್ಲಿ ನಿಲ್ಲಿಸಿಲ್ಲ. ನಾನೇ ನಿಂತಿದ್ದೇನೆ." ಅಲ್ಲಿಗೆ ದೀಪ ಆರುತ್ತದೆ, ನಾಟಕ ಮುಗಿಯುತ್ತದೆ.

ಪಾಠ ಮಾಡಿದವರು ನಾಗೇಶ್ ಸರ್. ಹತ್ತಿಯ ಜುಬ್ಬಾ, ನಿಧಾನದ ಮಾತು, ವಿದ್ಯಾರ್ಥಿಗಳ ಮೇಲೆ ಅಪಾರ ನಂಬಿಕೆ. ಪಾಠ ಮುಗಿದಾಗ ನನ್ನ ಮುಂದಿನ ಬೆಂಚಿನ ಕಿರಣ್ ಕೈ ಎತ್ತಿದ. ಮೊದಲ ದಿನ ನನ್ನನ್ನು ಇನ್‌ಸ್ಪೆಕ್ಷನ್‌ಗೆ ಬಂದವಳೆಂದುಕೊಂಡವನು ಇವನೇ. ಮಾಕಳಿಯಿಂದ ಬರುವ ಹುಡುಗ; ಅವನ ಬಾಯಲ್ಲೂ ಜಯಮ್ಮನವರ ಬಾಯಲ್ಲೂ ಹ ನಿಲ್ಲುವುದಿಲ್ಲ, ಹೋದಳು ಎಂಬುದು ಓದ್ಲು ಆಗುತ್ತದೆ.

"ಸರ್, ಕೊನೇಗೆ ಅವ್ಳು ಓದ್ಲಾ, ಇಲ್ವಾ?"

"ನೀವೇ ಹೇಳಿ ಕಿರಣ್."

"ನಾವ್ ಎಂಗೆ ಏಳೋದು ಸರ್? ನೋಟ್ಸ್ ಕೊಡಿ."

"ನಾನು ನೋಟ್ಸ್ ಕೊಡೋದಿಲ್ಲ. ಸ್ವಾತಂತ್ರ್ಯದ ಬಗ್ಗೆ ಇನ್ನೊಬ್ಬರು ಬರೆಸಿದ್ದನ್ನು ಬಾಯಿಪಾಠ ಮಾಡಿದರೆ ಅದು ಎಂಥ ಸ್ವಾತಂತ್ರ್ಯ?"

ತರಗತಿಯಲ್ಲಿ ನಿಜವಾದ ಭೀತಿ ಹರಡಿದ್ದು ಆಗ. ಮನುಷ್ಯನಿಗೆ ಮೊದಲೇ ಬರೆದಿಟ್ಟ ಅರ್ಥವಿಲ್ಲ ಎಂದು ಒಂದು ತಿಂಗಳು ಹೇಳಿದಾಗ ಯಾರೂ ಹೆದರಿರಲಿಲ್ಲ. ನೋಟ್ಸ್ ಇಲ್ಲ ಎಂದಾಗ ಇಬ್ಬರು ಹುಡುಗಿಯರು ಅತ್ತರು. ಕಿರಣನ ನೇತೃತ್ವದಲ್ಲಿ ಒಂದು ತಂಡ ಮಧ್ಯಾಹ್ನವೇ ಯಲಹಂಕದ ಜೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಹಳೆಯ ನೋಟ್ಸ್ ಹುಡುಕಿತು. ಸಿಕ್ಕಿದ್ದು ಬೇರೊಂದು ನಾಟಕದ್ದು. ಆದರೂ ಎಲ್ಲರೂ ಒಂದೊಂದು ಪ್ರತಿ ತೆಗೆಸಿಕೊಂಡರು.

ಸರ್ ಹೇಳಿದ್ದರಲ್ಲಿ ನನಗೆ ನಾಟಿದ್ದು ಒಂದು ಮಾತು. ನಾವು ಆರಿಸಿಕೊಂಡದ್ದನ್ನು ಇನ್ನೊಬ್ಬರು ಮಾಡಿಸಿದರು ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವಲ್ಲ, ಅದಕ್ಕೆ ಅವರು ಆತ್ಮವಂಚನೆ ಎನ್ನುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಆ ಪದದ ಕೆಳಗೆ ಎರಡು ಗೆರೆ ಎಳೆದೆ. ಅದು ನನಗೇ ಹೇಳಿದ ಮಾತು ಎಂದು ಆಗ ಹೊಳೆಯಲಿಲ್ಲ.

ನಾಟಕ ಮಾತ್ರ ನನ್ನನ್ನು ಹಿಡಿದುಕೊಂಡಿತು. ಯಾರೂ ಬಾರದ ದಡದಲ್ಲಿ ಇಡೀ ದಿನ ಕೂರುವ ಆ ಹೆಂಗಸು ನನಗೆ ಅರ್ಥವಾದಷ್ಟು ಬೇರೆ ಯಾರಿಗೂ ಅರ್ಥವಾಗಿರಲಾರಳು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಅವಳ ಮಾತುಗಳೆಲ್ಲ ನನಗೆ ಬಾಯಿಗೆ ಬಂದವು. ಹಿಟ್ಟಿನ ಮೇಲೆ ಅಂಗೈ ಬೀಳುವ ಲಯಕ್ಕೆ ಸಂಭಾಷಣೆ ಚೆನ್ನಾಗಿ ಕೂರುತ್ತದೆ. ಒಂದು ಮುಂಜಾನೆ ಮೂರನೆಯ ಅಂಕದಲ್ಲಿದ್ದೆ. "ನನ್ನನ್ನು ಬಿಟ್ಟುಬಿಡು" ಎಂದು ಕೂಗಿ ರೊಟ್ಟಿಗೆ ಪಟಪಟ ನಾಲ್ಕು ಏಟು ಹಾಕಿದೆ. "ಎಷ್ಟು ವರ್ಷ ಸುಮ್ಮನಿದ್ದೆ" ಎಂದು ಮತ್ತೆ ನಾಲ್ಕು. ಬಾಗಿಲು ದಡಾರನೆ ತೆರೆಯಿತು. ಜಯಮ್ಮನವರು ಪೊರಕೆ ಹಿಡಿದು ನಿಂತಿದ್ದರು.

"ಎಲ್ಲವ್ನೆ ಅವ್ನು?"

"ಯಾರ್ರೀ?"

"ನಿನ್ ಗಂಡ. ಒಡ್ದಾಗ ಇಂಗೇ ಬಾಯ್ಮುಚ್ಕೊಂಡ್ ಇರ್ಬಾರ್ದಮ್ಮಾ. ಈಚೆ ಬರೇಳು ಅವ್ನಿಗೆ."

ಪಾಪ, ನಮ್ಮ ಮನೆಯವರು ಆ ಹೊತ್ತಿಗೆ ಯಾರ್ಡಿನಲ್ಲಿ ಲಾರಿ ಇಳಿಸುತ್ತಿದ್ದರು. ಹಿಟ್ಟಿನ ಕೈಯನ್ನೂ ಹಂಚನ್ನೂ ತೋರಿಸಿ, ಇದು ರೊಟ್ಟಿ ಬಡಿಯುವ ಸದ್ದು, ಅದು ನಾಟಕದ ಮಾತು ಎಂದು ತಿಳಿಸಿ ಹೇಳಬೇಕಾಯಿತು. ಜಯಮ್ಮ ನಂಬಲಿಲ್ಲ. ನನ್ನ ತೋಳು ತಿರುಗಿಸಿ ಗಾಯವಿದೆಯೇ ಎಂದು ನೋಡಿದರು. ಆಮೇಲೆ ಪೊರಕೆಯನ್ನು ಮೂಲೆಗಿಟ್ಟು, ಮಣೆ ಎಳೆದು ಕೂತು, "ಎಲ್ಲಿ, ಇನ್ನೊಂದ್ ಸತಿ ಏಳು" ಎಂದರು. ಸತಿ ಎಂದರೆ ಸಲ. ಇಡೀ ನಾಟಕ ಹೇಳಿದೆ. ಕೇಳಿ ಮುಗಿಸಿ ಅವರು, "ದೋಣಿ ಮಾರಿ ಒಂದ್ ಸೈಟ್ ತಗೋಬೋದಿತ್ತು" ಎಂದರು. ಆಮೇಲೆ ಕಿಟಕಿಯಾಚೆಯ ಅಪಾರ್ಟ್‌ಮೆಂಟಿನ ಕಡೆ ನೋಡುತ್ತಾ, "ನನ್ನೂ ಯಾರೂ ಕೂರ್ಸಿಲ್ಲ ಬಿಡು ಇಲ್ಲಿ. ಅಸು ಮಾರ್ಬುಡು ಅಂತಾನೆ ಮಗ" ಎಂದು ಎದ್ದರು. ಅಂದಿನಿಂದ ದಿನವೂ ಮುಂಜಾನೆ ಬಂದು ಒಂದು ರೊಟ್ಟಿ ತಿಂದು ಒಂದು ಅಂಕ ಕೇಳಿಕೊಂಡು ಹೋಗತೊಡಗಿದರು. ಈ ಊರಿನಲ್ಲಿ ನನಗೆ ಸಿಕ್ಕ ಮೊದಲ ಜೊತೆ ಅದು.

ಸೆಮಿಸ್ಟರಿನ ಕೊನೆಗೆ ಈ ನಾಟಕವನ್ನೇ ನಮ್ಮ ತರಗತಿ ಆಡುವುದೆಂದು ತೀರ್ಮಾನವಾಯಿತು. ಪಾತ್ರ ಹಂಚುವ ದಿನ ನಾಗೇಶ್ ಸರ್ ನೇರ ನನ್ನ ಕಡೆ ನೋಡಿದರು.

"ಸುವರ್ಣಾ, ದೋಣಿಯವಳ ಪಾತ್ರ ನೀವು ಮಾಡ್ತೀರಾ?"

ಜೀವನದಲ್ಲಿ ಯಾವುದಾದರೂ ಬೇಕು ಎನ್ನಿಸಿದ್ದರೆ ಅದು ಆ ಪಾತ್ರ. ನಾನು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಹೇಳಿದೆ.

"ಅಯ್ಯ, ನನಗ್ಯಾಕ್ರೀ ಸರ್, ಬ್ಯಾಡ್ರೀ."

"ಸರಿ. ನಿಮ್ಮ ಆಯ್ಕೆಯನ್ನ ಗೌರವಿಸ್ತೀನಿ" ಎಂದು ಸರ್ ಪಕ್ಕಕ್ಕೆ ತಿರುಗಿದರು. "ಸಮೀನಾ, ನೀವು?"

"ಮಾಡ್ತೀನಿ ಸರ್" ಎಂದಳು ಸಮೀನಾ.

ಮುಗಿಯಿತು. ಒಂದು ನಿಮಿಷವೂ ಆಗಿರಲಿಲ್ಲ. ತಲೆ ತಗ್ಗಿಸಿದವಳು ಎತ್ತುವಷ್ಟರಲ್ಲಿ ನನ್ನ ಪಾತ್ರ ಬೇರೆಯವಳದಾಗಿತ್ತು. ಎರಡನೆಯ ಸಲ ಕೇಳಿದ್ದರೆ ಇನ್ನೊಮ್ಮೆ ಬೇಡ ಎಂದು, ಮೂರನೆಯ ಸಲಕ್ಕೆ ಒಪ್ಪಲು ಏನು ಹೇಳಬೇಕೆಂದೂ ನಾನು ಯೋಚಿಸಿಟ್ಟುಕೊಂಡಿದ್ದೆ.

ಸಮೀನಾ ಆರ್.ಟಿ. ನಗರದ ಹುಡುಗಿ. ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು, ಹೊರಗೆ ಬೆಂಗಳೂರಿನ ಕನ್ನಡ, ಪರೀಕ್ಷೆಯಲ್ಲಿ ನಮ್ಮೆಲ್ಲರಿಗಿಂತ ಶುದ್ಧ ಕನ್ನಡ. ಆ ದಿನ ಬಸ್ ಸ್ಟಾಪಿನಲ್ಲಿ ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

"ಅಕ್ಕಾ, ನಿಮ್ಗೆ ಆ ಪಾರ್ಟ್ ಬೇಕಿತ್ತಾ?"

"ಛೇ, ಬ್ಯಾಡ ಬಿಡವಾ. ನೀನಽ ಮಾಡು, ಛಲೋ ಮಾಡ್ತಿ."

ಅವಳು ನನ್ನನ್ನೇ ದಿಟ್ಟಿಸಿದಳು. "ಅಕ್ಕಾ, ನಮ್ ಮನೇಲೂ ಇದೇ ಕಣ್ರೀ. ನಮ್ ಖಾಲಾ, ಅಂದ್ರೆ ಚಿಕ್ಕಮ್ಮ, ಅವ್ರ ಮನೇಗೆ ಹೋದ್ರೆ ಬಿರಿಯಾನಿ ಮುಂದೆ ಇಟ್ಕೊಂಡು ಬೇಡ ಬೇಡ ಅಂತ ಅರ್ಧ ಗಂಟೆ ಕೂತಿರ್ತೀವಿ. ಇದು ಆ ಬೇಡಾನಾ, ನಿಜವಾದ ಬೇಡಾನಾ?"

ನಾನು ಬಸ್ಸು ಬರುವ ದಾರಿಯ ಕಡೆ ತಿರುಗಿದೆ.

"ನಾನಂತೂ ಮೂರು ಸಲ ಕೇಳಲ್ಲ" ಎಂದಳು. "ಖಾಲಾ ಮನೇಲಿ ಕೇಳ್ತಾರೆ. ಇಲ್ಲಿ ಬೇಕು ಅಂದ್ರೆ ಬೇಕು ಅನ್ಬೇಕು. ಒಂದು ತಿಂಗಳು ಏನ್ ಪಾಠ ಕೇಳಿದ್ದೀವಿ ನಾವು?" ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು.

ಮನೆಗೆ ಬಂದು ನಮ್ಮ ಮನೆಯವರ ಮುಂದೆ ಅತ್ತೆ. ಅವರು ಎಲ್ಲ ಕೇಳಿ, ಮೇಷ್ಟರನ್ನೇ ಬೈದರು. "ಒಂದ ಸಲ ಕೇಳಿ ಬಿಟ್ಟರ ಹ್ಯಾಂಗ? ಯಾರ್ಡಿನ್ಯಾಗ ಮೊದಲನೇ ಮಾತಿಗೆ ಯಾರು ಹೂಂ ಅಂತಾರ? ಆ ಮನಷ್ಯಾ ಒಂದ ದಿನ ವ್ಯಾಪಾರ ಮಾಡಿಲ್ಲ ನೋಡು." ಕೆಳಗೆ ಜಯಮ್ಮನವರ ತೀರ್ಪು ಬೇರೆಯಾಗಿತ್ತು. "ಬೇಕೂಂತ ಏಳಕ್ಕೆ ಬಾಯಿಗೇನಾಗಿತ್ತು ನಿಂಗೆ?" ಎಂದರು. ಆಮೇಲೆ ಇದ್ದಕ್ಕಿದ್ದಂತೆ ಏನೋ ನೆನಪಾಗಿ, "ಅಂಗಾದ್ರೆ ಅವತ್ತು ಕಾಪಿ?" ಎಂದು ಕೇಳಿದರು.

"ಬೇಕಾಗಿತ್ರೀ" ಎಂದೆ.

"ಅಯ್ಯೋ ನಿನ್ನ" ಎಂದು ಹಣೆ ಬಡಿದುಕೊಂಡರು. ಒಂದು ವರ್ಷದ ಹಿಂದಿನ ಕಾಫಿಯನ್ನು ಆಗಲೇ ಮಾಡಿಕೊಟ್ಟರು. ಕುಡಿಯುತ್ತಾ ಕುಡಿಯುತ್ತಾ ನನಗೆ ಹೊಳೆಯಿತು. ನಾಟಕದ ದೋಣಿಯವಳು ತನ್ನನ್ನು ಇಲ್ಲಿ ಕೂರಿಸಿದವರು ಯಾರೆಂದು ಊರೆಲ್ಲ ಕೇಳುತ್ತಾ ತಿರುಗುತ್ತಾಳಲ್ಲ, ನಾನೂ ನನ್ನ ಬೇಕು ಎನ್ನುವುದನ್ನು ಇನ್ನೊಬ್ಬರ ಬಾಯಲ್ಲಿ ಹೇಳಿಸಲು ಜೀವಮಾನವೆಲ್ಲ ಕಾದಿದ್ದೇನೆ. ಎರಡು ಗೆರೆ ಎಳೆದಿದ್ದ ಆತ್ಮವಂಚನೆ ಎಂಬ ಪದ ತಾನಾಗಿಯೇ ಎದುರಿಗೆ ಬಂದು ಕೂತಿತು.

ಮರುದಿನ ಸ್ಟಾಫ್ ರೂಮಿಗೆ ಹೋದೆ. ದಾರಿಯುದ್ದಕ್ಕೂ "ಸರ್, ನನಗೆ ಆ ಪಾತ್ರ ಬೇಕು" ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಸರ್ ಒಬ್ಬರೇ ಇದ್ದರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು.

"ಬನ್ನಿ ಸುವರ್ಣಾ. ಕಾಫಿ?"

"ಬ್ಯಾಡ್ರೀ ಸರ್."

ಬಾಯಿ ತನ್ನಷ್ಟಕ್ಕೆ ತಾನೇ ಹೇಳಿಬಿಟ್ಟಿತ್ತು. ಸರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದರು. ತಾವೊಬ್ಬರೇ ಗುಟುಕರಿಸುತ್ತಾ, ಹೇಳಿ, ಎಂಬಂತೆ ನೋಡಿದರು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಹೊರಟೇಹೋಗಬೇಕೆನ್ನಿಸಿತು. ಬಾಗಿಲ ತನಕ ಹೋದೆ ಕೂಡ. ಅಲ್ಲಿಂದ ತಿರುಗಿ ಬಂದು ಹೇಳಿದೆ.

"ಸರ್, ಕಾಫಿ ಬೇಕ್ರಿ. ಈಗ ಬ್ಯಾಡ ಅಂದಿದ್ದು ಸುಳ್ಳು. ಅವತ್ತು ಪಾರ್ಟು ಬ್ಯಾಡ ಅಂದಿದ್ದೂ ಸುಳ್ಳು. ಅದೂ ಬೇಕು."

ಸರ್ ಲೋಟ ಕೆಳಗಿಟ್ಟರು. "ಆದ್ರೆ ನೀವು ಬೇಡ ಅಂದ್ರಲ್ಲಾ. ನಾನು ನಿಮ್ಮ ನಿರ್ಧಾರಾನ ಗೌರವಿಸಿದೆ."

"ಅಷ್ಟ ಲಗೂನ ಗೌರವಿಸಬ್ಯಾಡ್ರೀ ಸರ್" ಎಂದೆ. "ನಮ್ಮ ಕಡೆ ಮೊದಲನೇ ಬ್ಯಾಡ ಅಂದ್ರ ಅದು ನಮಸ್ಕಾರ ಇದ್ದಂಗ್ರೀ."

ಇಪ್ಪತ್ತು ವರ್ಷದಿಂದ ಆಯ್ಕೆಯ ಸ್ವಾತಂತ್ರ್ಯ ಪಾಠ ಮಾಡಿದ ಮನುಷ್ಯ ಮೊದಲ ಸಲ ತಬ್ಬಿಬ್ಬಾದದ್ದನ್ನು ನಾನು ನೋಡಿದೆ. ಅವರು ಕಾಫಿ ಬಗ್ಗಿಸಿ ನನ್ನ ಮುಂದಿಟ್ಟು, ಪಾತ್ರ ಈಗ ಸಮೀನಾಳದು, ಅವಳನ್ನು ನೀವೇ ಕೇಳಬೇಕು ಎಂದರು. ಅದು ನ್ಯಾಯವಾಗಿತ್ತು.

ಸಮೀನಾ ಕ್ಯಾಂಟೀನಿನಲ್ಲಿ ಸಿಕ್ಕಳು. "ಆ ಪಾರ್ಟು ನನಗ ಬೇಕವಾ" ಎಂದೆ. ಈ ಸಲ ತಲೆ ತಗ್ಗಿಸಲಿಲ್ಲ. ಅವಳು ನಗುತ್ತಾಳೆ, ತಗೊಳಿ ಅಕ್ಕಾ ಎನ್ನುತ್ತಾಳೆ ಎಂದುಕೊಂಡಿದ್ದೆ.

"ನಂಗೂ ಬೇಕು ಅಕ್ಕಾ" ಎಂದಳು.

ಇಬ್ಬರಿಗೂ ಬೇಕಾದಾಗ ಏನು ಮಾಡಬೇಕೆಂದು ನಮ್ಮ ಉಪಚಾರದ ಪದ್ಧತಿಯಲ್ಲಿಲ್ಲ, ಅಲ್ಲಿ ಇಬ್ಬರೂ ಬೇಡ ಎನ್ನುತ್ತಲೇ ಇರುತ್ತಾರೆ. ಅವಳು ಪಫ್ಸ್ ಮುರಿದು ಅರ್ಧ ನನ್ನ ಕೈಗಿಟ್ಟು ಯೋಚಿಸಿದಳು. ಕೊನೆಗೆ, "ಮೂರನೇ ಅಂಕದಲ್ಲಿ ಅವ್ಳಿಗೆ ವಯಸ್ಸಾಗಿರುತ್ತೆ. ಅದು ನಿಮ್ದು. ಮೊದಲ ಎರಡು ನಾನ್ ಬಿಡಲ್ಲ" ಎಂದಳು. ಎಷ್ಟು ಸಲೀಸಾಗಿ ಹೇಳಿದಳೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ಆ ಪಫ್ಸನ್ನು ನಾನು ಒಂದೇ ಮಾತಿಗೆ ತಿಂದೆ.

ನಾಟಕದ ದಿನ ಜಯಮ್ಮನವರು ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ, ಪ್ರಿನ್ಸಿಪಾಲರಿಗೆಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನಮ್ಮ ಮನೆಯವರು. ಸಮೀನಾ ಎರಡು ಅಂಕ ಚೆನ್ನಾಗಿ ಆಡಿದಳು. ಮೂರನೆಯದಕ್ಕೆ ನಾನು ನರೆತ ಕೂದಲಿನಲ್ಲಿ ಬಂದು ದೋಣಿಯ ಪಕ್ಕ ಕೂತೆ. ನರೆಯಲ್ಲಿ ಅರ್ಧ ನನ್ನದೇ. ದಾರಿಹೋಕನ ವೇಷದಲ್ಲಿ ಕಿರಣ್ ಬಂದ. "ಹೊರಡುತ್ತೀಯಾ?" ಎಂದು ಕೇಳಿದ. ಹ ಅಕ್ಷರವನ್ನು ಒಂದು ವಾರ ತಿದ್ದಿಸಿಕೊಂಡಿದ್ದ ಪಾಪ, ಸ್ಪಷ್ಟವಾಗಿ ಬಂತು.

ಇಲ್ಲಿ ದೀರ್ಘ ಮೌನ. ಸರ್ ಅದನ್ನು ತುಂಬ ಅಭ್ಯಾಸ ಮಾಡಿಸಿದ್ದರು. ಇಡೀ ನಾಟಕ ನಿಂತಿರುವುದು ಈ ಮೌನದ ಮೇಲೆ ಎಂದಿದ್ದರು. ನಾನು ನದಿಯ ಕಡೆ ನೋಡುತ್ತಾ ಕೂತೆ. ಆಗ ಮುಂದಿನ ಸಾಲಿನಿಂದ ಜಯಮ್ಮನವರ ದನಿ ಬಂತು.

"ಇನ್ನೊಂದ್ ಸತಿ ಕೇಳಪ್ಪಾ. ಮೊದಲ್ನೇ ಸತಿಗೆ ಅವ್ಳು ಏಳಲ್ಲ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪರದೆಯ ಸಂದಿನಲ್ಲಿ ನಾಗೇಶ್ ಸರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದು ಕಂಡಿತು. ಕಿರಣ್ ನನ್ನನ್ನು ನೋಡಿದ, ಜಯಮ್ಮನನ್ನು ನೋಡಿದ. ಹುಡುಗನಿಗೆ ಏನು ಮಾಡಬೇಕೆಂದು ಯಾರೂ ನೋಟ್ಸ್ ಕೊಟ್ಟಿರಲಿಲ್ಲ. ಅವನೇ ನಿರ್ಧರಿಸಿದ. ಒಂದು ಹೆಜ್ಜೆ ಹತ್ತಿರ ಬಂದು ಮತ್ತೆ ಕೇಳಿದ. "ಒರಡ್ತೀಯಾ?"

ನಗು ಅಡಗಿತು. ಅವನ ಆ ಊರಿನ ದನಿಯಲ್ಲಿ ಕಳಕಳಿಯಿತ್ತು, ನಿಜವಾಗಿಯೂ ತಿಳಿಯಬೇಕಾದವನಂತೆ ಕೇಳಿದ್ದ. ನಾನು ಎದ್ದು ನಿಂತೆ. "ಯಾರೂ ನನ್ನನ್ನು ಇಲ್ಲಿ ನಿಲ್ಲಿಸಿಲ್ಲ. ನಾನೇ ನಿಂತಿದ್ದೇನೆ." ಹೇಳುವಾಗ ನನಗೆ ನದಿ ಕಾಣಲಿಲ್ಲ. ಅಲ್ಲಾಳಸಂದ್ರದ ಆ ಅಡುಗೆಮನೆ ಕಂಡಿತು, ಮಣೆಯ ಮೇಲೆ ಕೂತ ಜಯಮ್ಮ ಕಂಡರು. ದೀಪ ಆರಿತು. ಕತ್ತಲಲ್ಲಿ ನಮ್ಮ ಮನೆಯವರು ಮೂಗು ಸೀಟುವ ಸದ್ದು ಎಲ್ಲರಿಗೂ ಕೇಳಿಸಿತು.

ಪರೀಕ್ಷೆಯಲ್ಲಿ ನಾನು ಸರ್ ಜೊತೆ ಜಗಳ ತೆಗೆದೆ. ನಮ್ಮ ಕಡೆಯ ಬೇಡ ಎನ್ನುವುದು ಪೂರ್ತಿ ಆತ್ಮವಂಚನೆಯಲ್ಲ ಎಂದು ಬರೆದೆ. ಒಬ್ಬರು ಮೂರು ಸಲ ಕೇಳಬೇಕಾದರೆ ಅವರು ಮೂರು ಸಲ ನಮ್ಮ ಮುಖ ನೋಡಬೇಕು. ಬೇಕು ಎನ್ನುವ ಭಾರವನ್ನು ಒಬ್ಬರೇ ಹೊರದಂತೆ ಇಬ್ಬರು ಹಂಚಿಕೊಳ್ಳುವ ಪದ್ಧತಿ ಅದು ಎಂದೆ. ಸರ್ ನನ್ನ ಉತ್ತರದ ಪಕ್ಕದಲ್ಲಿ "ಒಪ್ಪಲಾರೆ, ಆದರೆ ಯೋಚಿಸುತ್ತಿದ್ದೇನೆ" ಎಂದು ಬರೆದಿದ್ದರು. ಯೋಚಿಸಿದ್ದಕ್ಕೆ ಅಂಕ ಮಾತ್ರ ಕೊಟ್ಟಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದಿದ್ದೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೊಸ ವಿದ್ಯೆ ಕಲಿತ ಹುರುಪು. ಅಣ್ಣನ ಮನೆಯಲ್ಲಿ ಅವನ ಹೆಂಡತಿ, ನಮ್ಮ ವೈನಿ, ಚಹಾ ಎಂದ ಕೂಡಲೇ "ಹೂಂ, ಬೇಕು" ಎಂದೆ. ಅಷ್ಟೇ ಅಲ್ಲ, ಬೇಕಾದುದನ್ನು ಬೇಕು ಎನ್ನಬೇಕು, ನಾವು ಬೇಡ ಎಂದರೆ ನೀವು ಸುಮ್ಮನೆ ಬಿಡಬೇಕು, ಅದೇ ಒಬ್ಬರನ್ನೊಬ್ಬರು ಗೌರವಿಸುವ ರೀತಿ ಎಂದು ಪಡಸಾಲೆಯಲ್ಲಿ ಕೂತು ಅರ್ಧ ಗಂಟೆ ಭಾಷಣ ಮಾಡಿದೆ. ವೈನಿ ಬಾಯಿ ತೆರೆದು ಕೇಳಿದರು. ಅವರಿಗೂ ನಾಗೇಶ್ ಸರ್‌ಗೂ ಹೀಗೆ ಕೇಳುವುದರಲ್ಲಿ ವ್ಯತ್ಯಾಸವಿಲ್ಲ, ಇಬ್ಬರೂ ನನ್ನನ್ನು ನಂಬಿಬಿಟ್ಟರು.

ಮುಂದಿನ ಸಲ ಹೋದಾಗ ಹಬ್ಬ. ಅಷ್ಟು ದಿನ ಬೆಂಗಳೂರಿನಲ್ಲಿ ಒಂದೇ ಮಾತಿನವಳಾಗಿ ದಣಿದಿದ್ದೆ. ಪಂಕ್ತಿಯಲ್ಲಿ ಕೂತು, ಎಲೆಯ ಮುಂದೆ ತುಪ್ಪದ ವಾಸನೆ ಬರುತ್ತಿದ್ದ ಹಾಗೆ, ಇನ್ನು ಯಾರಾದರೂ ನನಗೆ ಒತ್ತಾಯ ಮಾಡಲಿ ಎಂದು ಜೀವ ಹಾತೊರೆಯಿತು. ವೈನಿ ಹೋಳಿಗೆಯ ಬುಟ್ಟಿ ಹಿಡಿದು ಬಂದರು.

"ಇನ್ನೊಂದು ಹೋಳಿಗಿ, ಸುವರ್ಣಾ?"

"ಬ್ಯಾಡ ವೈನಿ, ಸಾಕು" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಬೆರಳುಗಳ ನಡುವೆ ಒಂದು ಹೋಳಿಗೆ ಬೀಳುವಷ್ಟು ಸಂದು ಬಿಟ್ಟೇ ಹಿಡಿದಿದ್ದೆ.

"ಆತು" ಎಂದು ವೈನಿ ಮುಂದಿನ ಎಲೆಗೆ ಹೋದರು. ಅಲ್ಲಿ ಕೂತಿದ್ದ ಚಿಕ್ಕಮ್ಮನಿಗೆ ಒತ್ತಾಯ ಮಾಡಿ ಮಾಡಿ ಎರಡು ಹಾಕಿದರು. ಚಿಕ್ಕಮ್ಮ ನನ್ನ ಕಡೆ ಬೆರಳು ಮಾಡಿ, ಅವಳಿಗೂ ಹಾಕು ಎಂದಾಗ ವೈನಿ ಪ್ರೀತಿಯಿಂದಲೇ ಹೇಳಿದರು. "ಬ್ಯಾಡ್ರಿ ಅತ್ತಿ, ಆಕಿ ಬೆಂಗಳೂರಿನಾಕಿ. ಒಮ್ಮೆ ಅಂದ್ರ ಮುಗೀತು. ಒತ್ತಾಯ ಮಾಡಿದ್ರ ಆಕಿಗೆ ಸೇರೂದಿಲ್ಲ."

ನಾನು ಕೈಯನ್ನು ಎಲೆಯ ಮೇಲಿಂದ ತೆಗೆದೆ. ನನ್ನ ಸ್ವಂತ ಮನೆಯ ಪಂಕ್ತಿಯಲ್ಲಿ ನಾನು ಅತಿಥಿಯೂ ಅಲ್ಲದ, ಮನೆಯವಳೂ ಅಲ್ಲದ ಯಾರೋ ಆಗಿ ಕೂತಿದ್ದೆ. ವೈನಿಯದೇನೂ ತಪ್ಪಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಮರಳಿ ಅಲ್ಲಾಳಸಂದ್ರಕ್ಕೆ ಬಂದ ದಿನ ಬ್ಯಾಗಿನ್ನೂ ಕೆಳಗಿಟ್ಟಿರಲಿಲ್ಲ, ಜಯಮ್ಮನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸಿತು. ಕೈಯಲ್ಲಿ ಬಟ್ಟಲು. ಅದರಲ್ಲಿ ಬಸ್ಸಾರು, ಅಂದರೆ ಸೊಪ್ಪುಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಇಲ್ಲಿಯವರ ಸಾರು.

"ಬಸ್ಸಾರ್ ಮಾಡಿದ್ದೆ. ಬೇಕಾ?"

"ಬ್ಯಾಡ್ರೀ" ಎಂದೆ. ಊರಿನಿಂದ ಬಂದ ಬಾಯಿ, ಇನ್ನೂ ತಿರುಗಿರಲಿಲ್ಲ.

"ಬೇಕಾ?" ಎಂದರು ಜಯಮ್ಮ, ಅಲ್ಲಾಡದೆ.

"ಇರ್ಲಿ ಬಿಡ್ರೀ, ಯಾಕ ಸುಮ್ಮನ."

ಅವರು ಬಟ್ಟಲನ್ನು ಸೊಂಟಕ್ಕೆ ಒತ್ತಿ ಹಿಡಿದು, ಪಾಠ ಒಪ್ಪಿಸುವ ಮಗುವಿನ ಹಾಗೆ ಒಂದು ಉಸಿರು ತೆಗೆದುಕೊಂಡು, ಮೂರನೆಯ ಸಲ ಕೇಳಿದರು. "ಬೇಕಾ?"

ನಾನು ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡೆ. ಕಣ್ಣಿಂದ ನೀರು ಸುರಿಯತೊಡಗಿತು. ಜಯಮ್ಮ ಗಾಬರಿಯಾಗಿ, "ಯಾಕಮ್ಮಾ, ಖಾರ ಜಾಸ್ತಿ ಆಯ್ತಾ?" ಎಂದು ಕೇಳಿದರು. ನಾನಿನ್ನೂ ರುಚಿಯೇ ನೋಡಿರಲಿಲ್ಲ.